ಸರ್ ಕ್ರೀಕ್: ಮುಂಬಯಿಯ ಕಡತದಲ್ಲಿ ಹುಟ್ಟಿದ ಗಡಿ

ಪ್ರಶ್ನೆ: ನಮ್ಮ ಬಿಲ್ಡಿಂಗಿಗೆ ಮೀನು ತರುವ ಪಾಲ್ಘರ್ ಕಡೆಯ ಹೆಂಗಸಿನ ತಮ್ಮ ಗುಜರಾತಿನ ಬೋಟಿನಲ್ಲಿ ಖಲಾಸಿ. ಕಛ್ ಸಮುದ್ರದಲ್ಲಿ ಪಾಕಿಸ್ತಾನದವರು ಬೋಟು ಹಿಡಿದರಂತೆ, ಅವನೀಗ ಅಲ್ಲಿನ ಜೈಲಿನಲ್ಲಿದ್ದಾನೆ. ಸರ್ ಕ್ರೀಕ್ ಗಡಿ ಇನ್ನೂ ತೀರ್ಮಾನವಾಗಿಲ್ಲ ಎಂದು ಓದಿದೆ. ಯಾಕೆ ಮೇಷ್ಟ್ರೇ?
— ಗೃಹಿಣಿ, ಮೀರಾರೋಡ್

ಉತ್ತರ: ಆ ಜಗಳದ ಬೇರು ಇಲ್ಲೇ ಮುಂಬಯಿಯಲ್ಲಿದೆ, ತಾಯಿ. 1936ರವರೆಗೆ ಸಿಂಧ್ ಕೂಡ ಬ್ರಿಟಿಷರ ಮುಂಬಯಿ ಪ್ರಾಂತ್ಯಕ್ಕೇ ಸೇರಿತ್ತು. ನಮ್ಮ ಧಾರವಾಡ, ಬೆಳಗಾವಿ, ಕಾರವಾರದ ಕಾಗದಪತ್ರ ಬರುತ್ತಿದ್ದ ಸರಕಾರಕ್ಕೇ ಕರಾಚಿಯವೂ ಬರುತ್ತಿದ್ದವು. ಕಛ್ ಮಾತ್ರ ಸಂಸ್ಥಾನ, ಅಲ್ಲಿ ರಾವ್ ಎಂಬ ಬಿರುದಿನ ಅರಸರ ಆಳ್ವಿಕೆ. ಇವೆರಡರ ನಡುವೆ ಸಮುದ್ರದ ನೀರು ಒಳನುಗ್ಗುವ ಖಾಡಿಯೇ ಸರ್ ಕ್ರೀಕ್. 1908ರ ಸುಮಾರಿಗೆ ಅದರ ದಂಡೆಯ ಉರುವಲು ಕಟ್ಟಿಗೆ ಯಾರಿಗೆ ಸೇರಿದ್ದು ಎಂದು ಸಿಂಧ್‌ಗೂ ಕಛ್‌ಗೂ ತಕರಾರು ಎದ್ದಿತು. ಅದನ್ನು ಬಗೆಹರಿಸಲು ಮುಂಬಯಿ ಸರಕಾರ 1914ರ ಫೆಬ್ರವರಿಯಲ್ಲಿ ಒಂದು ಠರಾವು ಹೊರಡಿಸಿತು.

ಈಗಿನ ಗಂಟೆಲ್ಲ ಇರುವುದು ಆ ಠರಾವಿನ ಎರಡು ಪ್ಯಾರಾಗಳಲ್ಲಿ. ಒಂಬತ್ತನೆಯ ಪ್ಯಾರಾ ಗಡಿಯನ್ನು ಖಾಡಿಯ ಪೂರ್ವಕ್ಕೆ ಇಡುತ್ತದೆ. ಲಗತ್ತಿಸಿದ ನಕ್ಷೆಯ ಹಸಿರು ಗೆರೆಯೂ ಪೂರ್ವ ದಂಡೆಯಲ್ಲೇ ಇದೆ. ಹಾಗಾಗಿ ಇಡೀ ಖಾಡಿ ತನ್ನದು ಎನ್ನುತ್ತದೆ ಪಾಕಿಸ್ತಾನ. ಹತ್ತನೆಯ ಪ್ಯಾರಾ ದೋಣಿ ಓಡುವ ನೀರಿನಲ್ಲಿ ಗಡಿ ನಡುಪಾತ್ರದಲ್ಲಿರಬೇಕು ಎಂಬ ತತ್ವವನ್ನು ಹೇಳುತ್ತದೆ. 1925ರ ನಕ್ಷೆ ನಡುಪಾತ್ರದ ಕಂಬಗಳನ್ನೂ ತೋರಿಸುತ್ತದೆ. ಭಾರತ ಹಿಡಿದಿರುವುದು ಇದನ್ನು. ಇದು ದೋಣಿ ಓಡುವ ನೀರೇ ಅಲ್ಲ ಎಂಬುದು ಪಾಕಿಸ್ತಾನದ ವಾದ. ಭರತದ ಹೊತ್ತಿಗೆ ಮೀನುಗಾರರ ಬೋಟುಗಳು ಓಡಾಡುತ್ತವಲ್ಲ ಎಂಬುದು ನಮ್ಮವರ ಉತ್ತರ. ನನಗೂ ನಮ್ಮ ವಾದವೇ ಗಟ್ಟಿಯಾಗಿ ಕಾಣುತ್ತದೆ. ನೀರನ್ನು ಬಳಸುವವರು ಅಲ್ಲಿ ಕಣ್ಣೆದುರೇ ಇದ್ದಾರೆ.

ಸುಮಾರು 96 ಕಿಲೋಮೀಟರ್ ಉದ್ದದ ಖಾಡಿ ಅದು. ಠಾಣೆ ಖಾಡಿಯಲ್ಲಿ ಇಳಿತದ ಹೊತ್ತಿಗೆ ಕೆಸರು ಬಯಲಾಗುವುದನ್ನು ಲೋಕಲ್ ಟ್ರೇನಿನಿಂದ ನೋಡಿರುತ್ತೀರಿ. ಅಲ್ಲಿಯೂ ಹಾಗೆಯೇ, ಆದರೆ ಊರು ಕೇರಿ ಏನೂ ಇಲ್ಲ. ಇಂಥ ಜೌಗಿಗೆ ಇಷ್ಟು ಹಟ ಏಕೆ ಎಂದರೆ, ನೆಲದ ಗಡಿ ಎಲ್ಲಿ ಮುಗಿಯುತ್ತದೋ ಅಲ್ಲಿಂದಲೇ ಸಮುದ್ರದ ಗಡಿ ಶುರು. ದಡದಲ್ಲಿ ಗೆರೆ ಸ್ವಲ್ಪ ಸರಿದರೂ ಆಯಾ ದೇಶಕ್ಕೇ ಹಕ್ಕಿರುವ 200 ನಾಟಿಕಲ್ ಮೈಲಿಯ ಆರ್ಥಿಕ ವಲಯದಲ್ಲಿ ಅಪಾರ ನೀರು ಕೈಬದಲಾಗುತ್ತದೆ. ಅದರೊಂದಿಗೆ ಮೀನು, ತಳದಲ್ಲಿ ತೈಲ-ಅನಿಲ ಇದ್ದರೆ ಅದೂ. 2007ರಲ್ಲಿ ಎರಡೂ ದೇಶದವರು ಕೂಡಿ ಸರ್ವೆ ಮಾಡಿದರು, ತೀರ್ಮಾನಕ್ಕೆ ಬರಲಿಲ್ಲ.

ಇದರ ಪೆಟ್ಟು ತಿನ್ನುವವನು ಖಲಾಸಿ. ಬಲೆ ಬಿಟ್ಟ ಬೋಟು ಬ್ರೇಕ್ ಹಾಕಿದಂತೆ ನಿಲ್ಲುವುದಿಲ್ಲ. ಇಂಜಿನ್ ಕೈಕೊಟ್ಟರೆ ಸೆಳೆತ ಒಯ್ದತ್ತ ಹೋಗಬೇಕು. ದಿಕ್ಕು ನೋಡುವವನು ತಾಂಡೇಲ, ಬೋಟು ಮಾಲೀಕನದು. ಹಗ್ಗ ಎಳೆಯುತ್ತಿದ್ದ ಹುಡುಗನೂ ಅವರೊಂದಿಗೇ ಜೈಲಿಗೆ. ನಮ್ಮಲ್ಲಿ ಸಿಕ್ಕಿಬೀಳುವ ಸಿಂಧ್‌ನ ಮೀನುಗಾರರ ಪಾಡೂ ಇದೇ. ಗಡಿ ಮಾತುಕತೆ ಎಷ್ಟು ವರ್ಷ ಬೇಕಾದರೂ ನಡೆಯಲಿ, ಇವರನ್ನು ಮಾತ್ರ ವಿಚಾರಿಸಿ ಕೂಡಲೇ ಬೋಟಿನೊಂದಿಗೆ ವಾಪಸು ಕಳಿಸಬೇಕು. ಇದರಲ್ಲಿ ಯಾವ ದೇಶದ ಮಾನವೂ ಹೋಗುವುದಿಲ್ಲ.

ಪ್ರಶ್ನೆ: ಕಛ್ ರಣದ (ಅಲ್ಲಿನ ಉಪ್ಪು ಜೌಗು ಬಯಲಿನ) ಬಗ್ಗೆ 1968ರಲ್ಲೇ ತೀರ್ಪು ಬಂದಿತ್ತಲ್ಲ, ಇದೂ ಆಗಲೇ ಏಕೆ ಮುಗಿಯಲಿಲ್ಲ?
— ವಿದ್ಯಾರ್ಥಿ, ಘಾಟ್‌ಕೋಪರ್

ಉತ್ತರ: ಎರಡೂ ಕಡೆಯವರು ಸರ್ ಕ್ರೀಕ್ ಭಾಗವನ್ನು ನ್ಯಾಯಮಂಡಳಿಯ ಮುಂದೆ ಇಡಲಿಲ್ಲ. 1965ರ ಕಾದಾಟದ ನಂತರ ಬ್ರಿಟನ್ ಮಧ್ಯಸ್ಥಿಕೆಯಿಂದ ಬಂದ ಆ ಮಂಡಳಿ ರಣದ ಉತ್ತರ ಗಡಿಯನ್ನಷ್ಟೇ ನೋಡಿತು. ಪಾಕಿಸ್ತಾನ ಕೇಳಿದ್ದರಲ್ಲಿ ಸುಮಾರು ಹತ್ತನೇ ಒಂದು ಭಾಗ ಅದಕ್ಕೆ ಸಿಕ್ಕಿತು.

ಮೀರಾರೋಡಿನ ತಾಯಿಗೆ ಇನ್ನೊಂದು ಮಾತು. 2008ರ ಒಪ್ಪಂದದಂತೆ ಪ್ರತಿ ಜನವರಿ 1 ಮತ್ತು ಜುಲೈ 1ರಂದು ಎರಡು ದೇಶಗಳೂ ಕೈದಿಗಳ, ಮೀನುಗಾರರ ಪಟ್ಟಿ ಬದಲಾಯಿಸಿಕೊಳ್ಳುತ್ತವೆ. ಶಿಕ್ಷೆ ಮುಗಿದರೂ ಬಿಡುಗಡೆ ತಡವಾಗುವುದು ಹಲವು ಸಲ ರಾಷ್ಟ್ರೀಯತೆ ಖಾತ್ರಿಯಾಗುವ ಹಂತದಲ್ಲಿ. ಆ ಹುಡುಗನ ಆಧಾರ್, ಮೀನುಗಾರರ ಗುರುತುಚೀಟಿ, ಬೋಟಿನ ನೋಂದಣಿ ಸಂಖ್ಯೆ ಇವುಗಳ ನಕಲು ಒಂದೆಡೆ ಸೇರಿಸಿ ಜಿಲ್ಲೆಯ ಮೀನುಗಾರಿಕೆ ಕಚೇರಿಗೆ ಕೊಟ್ಟು ಪೋಚ್ (ಸ್ವೀಕೃತಿ ಚೀಟಿ) ಪಡೆಯಲು ಅವನ ಅಕ್ಕನಿಗೆ ಹೇಳಿ. ಅರ್ಜಿ ಬರೆಯುವುದು ಕಷ್ಟವಾದರೆ ಪತ್ರಿಕೆಯ ವಿಳಾಸಕ್ಕೆ ತಿಳಿಸಿ, ಮರಾಠಿಯಲ್ಲಿ ನಾನೇ ಬರೆದುಕೊಡುತ್ತೇನೆ.