ಜೀನ್ ಆಫ್ ಆಗಿದ್ದರೆ ಮೊದಲ ಲ್ಯಾಕ್ಟೋಸ್ ಒಳಗೆ ಬರುವುದು ಹೇಗೆ?

ತುಂಬ ಒಳ್ಳೆಯ ಪ್ರಶ್ನೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಸಿಕ್ಕರಷ್ಟೇ ಇ. ಕೋಲೈ ಬ್ಯಾಕ್ಟೀರಿಯಾದ ಲ್ಯಾಕ್ ಆಪೆರಾನ್ (ಆ ಸಕ್ಕರೆ ಬಳಸಲು ಬೇಕಾದ, ಒಟ್ಟಿಗೆ ಆನ್-ಆಫ್ ಆಗುವ ಜೀನ್‌ಗಳ ಗುಂಪು) ಕೆಲಸ ಶುರುಮಾಡುತ್ತದೆ, ಆದರೆ ಲ್ಯಾಕ್ಟೋಸನ್ನು ಒಳಗೆ ತರುವ ಪರ್ಮಿಯೇಸ್ ಕೂಡ ಅದೇ ಆಪೆರಾನ್‌ನಿಂದ ಬರಬೇಕಲ್ಲ ಅಂತ ಕೇಳಿದ್ದೀರಿ. ತೊಡಕು ಇನ್ನೂ ಒಂದಿದೆ. ಡಿಎನ್‌ಎಗೆ ಅಂಟಿಕೊಂಡು ಆಪೆರಾನನ್ನು ತಡೆಹಿಡಿಯುವ ಪ್ರೋಟೀನ್ ರಿಪ್ರೆಸರ್. ಅದನ್ನು ಡಿಎನ್‌ಎಯಿಂದ ಬಿಡಿಸುವುದು ನೇರವಾಗಿ ಲ್ಯಾಕ್ಟೋಸ್ ಅಲ್ಲ, ಲ್ಯಾಕ್ಟೋಸಿನಿಂದ ಆಗುವ ಅಲೋಲ್ಯಾಕ್ಟೋಸ್. ಅಲೋಲ್ಯಾಕ್ಟೋಸನ್ನು ಮಾಡಿಕೊಡುವ ಬೀಟಾ-ಗ್ಯಾಲಕ್ಟೊಸಿಡೇಸ್ ಕಿಣ್ವದ ಜೀನೂ ಅಲ್ಲೇ ಇದೆ!

ಆದರೆ ಆ ಆಪೆರಾನ್ ಪೂರ್ತಿ ಬಂದ್ ಆಗಿರುವುದೇ ಇಲ್ಲ. ಪಠ್ಯದಲ್ಲಿ 'ಆಫ್' ಅಂತ ಇದ್ದಲ್ಲಿ 'ತೀರಾ ಕಡಿಮೆ' ಅಂತ ಓದಿಕೊಳ್ಳಿ. ನಾನು ಮೈಕ್ರೋಬಯಾಲಜಿ ಪ್ರಾಕ್ಟಿಕಲ್ ಮಾಡಿಸುವಾಗ ಇದನ್ನು ಕಣ್ಣಾರೆ ತೋರಿಸುತ್ತೇನೆ. ಲ್ಯಾಕ್ಟೋಸ್ ಕೊಡದೆ ಗ್ಲಿಸರಾಲ್‌ನಲ್ಲಿ ಬೆಳೆಸಿದ ಕೋಶಗಳಿಗೆ ಟಾಲ್ವೀನ್ ಎಂಬ ದ್ರಾವಕ ಹಾಕಿ ಪೊರೆ ಸಡಿಲಿಸಿ, ಬಣ್ಣವಿಲ್ಲದ ಒಎನ್‌ಪಿಜಿ ಎಂಬ ರಾಸಾಯನಿಕ ಸೇರಿಸುತ್ತೇವೆ. ಬೀಟಾ-ಗ್ಯಾಲಕ್ಟೊಸಿಡೇಸ್ ಅದನ್ನು ಕತ್ತರಿಸಿದರೆ ಹಳದಿ ಬರುತ್ತದೆ. ಐಪಿಟಿಜಿ (ಅಲೋಲ್ಯಾಕ್ಟೋಸ್‌ನಂತೆಯೇ ರಿಪ್ರೆಸರನ್ನು ಬಿಡಿಸುವ ರಾಸಾಯನಿಕ) ಕೊಟ್ಟು ಬೆಳೆಸಿದ್ದ ಟ್ಯೂಬ್ ನೋಡನೋಡುತ್ತಲೇ ಹಳದಿಯಾಗುತ್ತದೆ. ಏನೂ ಕೊಡದ ಟ್ಯೂಬನ್ನು ಹುಡುಗರು ತೊಳೆಯಲು ಒಯ್ಯುತ್ತಾರೆ; ನಾನು ತಡೆದು ನಿಲ್ಲಿಸುತ್ತೇನೆ. ಸಾಕಷ್ಟು ಹೊತ್ತು ಬಿಟ್ಟರೆ ಅದರಲ್ಲೂ ತಿಳಿಹಳದಿ ಕಾಣಿಸಿಕೊಳ್ಳುತ್ತದೆ, ಅಂದರೆ ಕಿಣ್ವ ಸ್ವಲ್ಪವಾದರೂ ಇದ್ದೇ ಇದೆ.

ಒಂದು ಕೋಶದಲ್ಲಿ ರಿಪ್ರೆಸರ್ ಇರುವುದು ಸುಮಾರು 10 ಮಾತ್ರ. ಡಿಎನ್‌ಎಯನ್ನು ಅದು ಎರಡು ಕಡೆ ಹಿಡಿದುಕೊಂಡಿರುತ್ತದೆ. ಒಂದು ಹಿಡಿತ ಸಡಿಲಾದರೆ ಬೆರಳೆಣಿಕೆಯಷ್ಟು ಪ್ರೋಟೀನ್ ತಯಾರಾಗುತ್ತದೆ. ಅಪರೂಪಕ್ಕೆ ಎರಡೂ ಒಟ್ಟಿಗೆ ಕಳಚಿದರೆ ಒಮ್ಮೆಲೇ ಬಹಳಷ್ಟು ಪರ್ಮಿಯೇಸ್ ಬರುತ್ತದೆ. ಹಾರ್ವರ್ಡ್‌ನ ಸನ್ನಿ ಷೀ ತಂಡ 2008ರಲ್ಲಿ ಇದನ್ನು ಒಂಟಿ ಕೋಶಗಳಲ್ಲೇ ನೋಡಿ ತೋರಿಸಿತು. ಹೀಗೆ ಸೋರಿ ಬಂದ ಪರ್ಮಿಯೇಸ್ ಸ್ವಲ್ಪ ಲ್ಯಾಕ್ಟೋಸ್ ಎಳೆದುಕೊಳ್ಳುತ್ತದೆ, ಸೋರಿ ಬಂದ ಕಿಣ್ವ ಅದನ್ನು ಅಲೋಲ್ಯಾಕ್ಟೋಸ್ ಮಾಡುತ್ತದೆ, ರಿಪ್ರೆಸರ್ ಬಿಡುತ್ತದೆ, ಇನ್ನಷ್ಟು ಪರ್ಮಿಯೇಸ್ ಹುಟ್ಟುತ್ತದೆ. ಒಂದು ಸಲ ಹತ್ತಿಕೊಂಡರೆ ಕಿಣ್ವದ ಮಟ್ಟ ಸುಮಾರು ಸಾವಿರ ಪಟ್ಟು ಏರುತ್ತದೆ. ಈ ಸೋರಿಕೆಯನ್ನು ನಿಯಂತ್ರಣದ ದೋಷ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅದಿಲ್ಲದಿದ್ದರೆ ಹೊರಗೆ ಲ್ಯಾಕ್ಟೋಸ್ ಇದೆ ಅಂತ ಕೋಶಕ್ಕೆ ಗೊತ್ತಾಗುವ ದಾರಿಯೇ ಇರುತ್ತಿರಲಿಲ್ಲ.

ಗ್ಲೂಕೋಸೂ ಜೊತೆಗಿದ್ದರೆ ಮಾತ್ರ ಇದು ಹತ್ತಿಕೊಳ್ಳುವುದಿಲ್ಲ. ಗ್ಲೂಕೋಸ್ ಸಾಗಿಸುವ ವ್ಯವಸ್ಥೆಯ ಒಂದು ಪ್ರೋಟೀನ್, ಸೋರಿ ಬಂದ ಪರ್ಮಿಯೇಸ್‌ಗೇ ಅಂಟಿಕೊಂಡು ಅದರ ಕೆಲಸ ನಿಲ್ಲಿಸುತ್ತದೆ. ಸೈಕ್ಲಿಕ್ ಎಎಂಪಿ (ಆಪೆರಾನ್ ಜೋರಾಗಿ ಕೆಲಸ ಮಾಡಲು ಬೇಕಾದ ಸಂಕೇತದ ಅಣು) ಕಡಿಮೆಯಾಗುವ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಇದನ್ನು ಬಿಟ್ಟುಬಿಡುತ್ತಾರೆ. ಗ್ಲೂಕೋಸ್ ಮುಗಿದ ಮೇಲೆ ಬೆಳವಣಿಗೆ ಸ್ವಲ್ಪ ಹೊತ್ತು ನಿಂತು, ಆಮೇಲೆ ಲ್ಯಾಕ್ಟೋಸ್ ಮೇಲೆ ಮತ್ತೆ ಶುರುವಾಗುತ್ತದೆ. ಎರಡು ಸಕ್ಕರೆಗಳ ನಡುವಿನ ಇಂಥ ವಿರಾಮವನ್ನು ಫ್ರೆಂಚ್ ವಿಜ್ಞಾನಿ ಜಾಕ್ ಮಾನೋ ತಮ್ಮ 1941ರ ಪ್ರಬಂಧದಲ್ಲಿ ವಿವರಿಸಿದ್ದರು. ಅವರು ಫ್ರಾನ್ಸ್ವಾ ಜೇಕಬ್ ಜೊತೆ ಆಪೆರಾನ್ ಮಾದರಿಯನ್ನು ಪೂರ್ಣವಾಗಿ ಮುಂದಿಟ್ಟದ್ದು 1961ರಲ್ಲಿ.