ಹೆದರಿಕೆ ಒಂದೇ ಸಾಲದು, ಮೇಷ್ಟ್ರೇ

ಮದ್ದೂರಿನ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: “ಧರ್ಮ ಹುಟ್ಟಿದ್ದೇ ಭಯದಿಂದ. ಗುಡುಗಿಗೆ, ಸಿಡುಬಿಗೆ ಹೆದರಿ ಮನುಷ್ಯ ಕಲ್ಲಿಗೆ ಕೈಮುಗಿದ. ವಿಜ್ಞಾನ ಇಷ್ಟು ಬೆಳೆದ ಮೇಲೂ ನೀವು ಮಾರಿಹಬ್ಬದ ಬಗ್ಗೆ ಪುಟಗಟ್ಟಲೆ ಬರೆಯುವುದು ಯಾಕೆ?”

ಉತ್ತರ: ಮೇಷ್ಟ್ರೇ, ನಿಮ್ಮ ದುಂಡು ಅಕ್ಷರ ನೋಡಿಯೇ ಖುಷಿಯಾಯಿತು. ಭಯದ ಮಾತು ಸುಳ್ಳಲ್ಲ. ಸಿಡುಬಿಗೆ ಹೆದರಿ ಮಾರಮ್ಮನಿಗೆ ಹರಕೆ ಹೊತ್ತವರು ಬೇಕಾದಷ್ಟು ಜನ. ಆದರೆ ಸಿಡುಬು ನಮ್ಮ ದೇಶದಲ್ಲಿ 1975ಕ್ಕೇ ಮುಗಿಯಿತು. ಮಾರಿಹಬ್ಬ ನಿಂತಿತೇ? ಮಂಡ್ಯ ಸೀಮೆಯ ಯಾವುದಾದರೂ ಊರಿಗೆ ಹಬ್ಬದ ದಿನ ಹೋಗಿ. ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬಂದಿರುತ್ತಾರೆ. ತಂಬಿಟ್ಟಿಗೆ ಹೊಂಬಾಳೆ ಸಿಕ್ಕಿಸಿ, ದೀಪ ಹಚ್ಚಿ, ತಲೆಮೇಲೆ ಹೊತ್ತು ತಮಟೆಯ ಹಿಂದೆ ಹೊರಡುತ್ತಾರೆ. ಆ ಮುಖಗಳಲ್ಲಿ ಹೆದರಿಕೆ ಎಲ್ಲಿದೆ ಹೇಳಿ?

ನನ್ನನ್ನು ಕೇಳಿದರೆ, ಧರ್ಮದ ಬೇರು ಇರುವುದು ಹೋದವರನ್ನು ಮರೆಯಲಾರದ ಮನಸ್ಸಿನಲ್ಲಿ, ನಾಲ್ಕು ಜನ ಒಂದು ಕಡೆ ಸೇರುವ ಆಸೆಯಲ್ಲಿ. ಟರ್ಕಿಯ ಗೋಬೆಕ್ಲಿ ತೆಪೆ ಎಂಬಲ್ಲಿ ಸುಮಾರು 11,000 ವರ್ಷಗಳ ಹಿಂದೆ, ಇನ್ನೂ ಬೇಟೆಯಾಡಿಯೇ ಬದುಕುತ್ತಿದ್ದ ಜನ ಐದು ಮೀಟರ್ ಎತ್ತರದ ಕಂಬಗಳನ್ನು ಕಡಿದು ನಿಲ್ಲಿಸಿದ್ದರು. ಮೊದಲು ಹೊಲ, ಆಮೇಲೆ ಊರು, ಕೊನೆಗೆ ಗುಡಿ ಅಂತ ನಾವೆಲ್ಲ ಓದಿದ್ದು, ಅಲ್ವಾ? ಅಲ್ಲಿ ಅಗೆದವರಿಗೆ ಆ ಲೆಕ್ಕ ತಲೆಕೆಳಗಾಗಿ ಕಂಡಿತು. ಗುಡುಗಿಗೆ ಹೆದರಿದವನು ಗವಿಗೆ ಓಡುತ್ತಾನೆ, ಜನ ಕೂಡಿಸಿ ಕಂಬ ನಿಲ್ಲಿಸುವುದಿಲ್ಲ.

ಅಷ್ಟು ದೂರ ಯಾಕೆ? ಆತಕೂರು ನಿಮ್ಮ ತಾಲ್ಲೂಕಿನಲ್ಲೇ ಇದೆ. ಕ್ರಿ.ಶ. 950ರ ಸುಮಾರಿನಲ್ಲಿ ಅಲ್ಲಿ ಒಂದು ನಾಯಿಗೆ ಕಲ್ಲು ನೆಟ್ಟರು. ನಾಯಿಯ ಹೆಸರು ಕಾಳಿ. ಗಂಗರ ದೊರೆ ಬೂತುಗನಿಂದ ಅವನ ಬಂಟ ಮಣಲೇರ ಬೇಡಿ ಪಡೆದದ್ದು. ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಚಲ್ಲೇಶ್ವರನ ಗುಡಿ ಮುಂದೆ ಕಲ್ಲು ನಿಂತಿತು, ಅದಕ್ಕೆ ಭೂಮಿಯನ್ನೂ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಉಂಡರೆ ಗುಡಿಯ ಗೊರವನಿಗೆ ನಾಯಿಯ ಪಾಪ ತಟ್ಟುತ್ತದೆ ಅಂತ ಶಾಸನದಲ್ಲೇ ಬರೆಸಿದ್ದಾರೆ. ‘ನೋಡಿ, ಅಲ್ಲೂ ಭಯವೇ’ ಅನ್ನಬೇಡಿ. ಅದು ಸೋಮಾರಿ ಪೂಜಾರಿಗೆ ಹಾಕಿದ ಬೆದರಿಕೆ. ಕಲ್ಲು ನೆಡಿಸಿದವನಿಗೆ ಇದ್ದದ್ದು ನಾಯಿಯ ಮೇಲಿನ ಪ್ರೀತಿ.

ಆ ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿ ಕ್ಷೇಮವಾಗಿದೆ. ಮಿಕ್ಕ ವೀರಗಲ್ಲುಗಳ ಪಾಡು? ಒಂದೂರಲ್ಲಿ ಬಟ್ಟೆ ಒಗೆಯುವ ಕಲ್ಲು, ಇನ್ನೊಂದೂರಲ್ಲಿ ಮೋರಿ ಮೇಲಿನ ಚಪ್ಪಡಿ. ಜೀರ್ಣೋದ್ಧಾರ ಅಂತ ಚಂದಾ ಎತ್ತಿ ಗುಡಿಗೆ ಗ್ರಾನೈಟ್ ಹಾಸುತ್ತಾರೆ, ಹಳೇ ಕಲ್ಲನ್ನು ತಿಪ್ಪೆ ಪಕ್ಕ ಉರುಳಿಸುತ್ತಾರೆ. ನಿಮ್ಮಂಥ ಓದಿದವರು ತಡೆಯಬೇಕಿತ್ತು. ನೀವೋ, ಮೂಢನಂಬಿಕೆ ಅಂತ ಆ ಕಡೆ ತಿರುಗಿಯೂ ನೋಡುವುದಿಲ್ಲ. ಹೇಗೂ ಈಗ ಬಿಡುವಾಗಿದ್ದೀರಿ. ಸುತ್ತಮುತ್ತ ಎಲ್ಲೆಲ್ಲಿ ಕಲ್ಲು ಬಿದ್ದಿವೆ ನೋಡಿ, ಫೋಟೋ ತೆಗೆದು ಕಳಿಸಿ. ಮಾರಿಹಬ್ಬದ ಪುಟದ ಪಕ್ಕದಲ್ಲೇ ಹಾಕುತ್ತೇವೆ.