ಹರಳು ಉದುರಿದ ಕೂಡಲೇ ಹಾರ್ಮೋನಿನ ಬಾಟಲಿ ಹುಡುಕಬೇಡಿ

ಪ್ರಶ್ನೆ: ಬೇಸಿಗೆಯಲ್ಲಿ ಅಡಿಕೆ ಹರಳು (ಎಳೆಗಾಯಿ) ಉದುರುತ್ತಿದೆ, ಬೋರ್‌ವೆಲ್ ನೀರೂ ಕಮ್ಮಿ. ಬ್ರಾಸಿನೊಲೈಡ್ ಹೊಡೆದರೆ ನೀರಿಲ್ಲದೆಯೂ ಮರ ತಡೆದುಕೊಳ್ಳುತ್ತದೆ ಎನ್ನುತ್ತಾರೆ ಗೊಬ್ಬರದಂಗಡಿಯವರು. ಹೊಡೆಯಲೇ? (ತೀರ್ಥಹಳ್ಳಿ ಕಡೆಯ ಓದುಗರು)

ಮಾರ್ಚ್ ಬಂತೆಂದರೆ ಇದೇ ಪ್ರಶ್ನೆ, ಊರು ಮಾತ್ರ ಬೇರೆ. ಬ್ರಾಸಿನೊಲೈಡ್ ಸುಳ್ಳು ಸರಕಲ್ಲ; ಗಿಡಗಳು ತಾವೇ ತಯಾರಿಸಿಕೊಳ್ಳುವ ಸ್ಟೆರಾಯ್ಡ್ ಹಾರ್ಮೋನು. ಅಮೆರಿಕದ ವಿಜ್ಞಾನಿಗಳು 1979ರಲ್ಲಿ, ಜೇನುಗಳು ಕೂಡಿಟ್ಟ ಸುಮಾರು 227 ಕಿಲೋ ರೇಪ್ ಸಾಸಿವೆ ಪರಾಗ ಸೋಸಿ ತೆಗೆದದ್ದು ಬರೀ 4 ಮಿಲಿಗ್ರಾಂ. ಗಿಡಕ್ಕೆ ಬೇಕಾದ್ದೇ ಅಷ್ಟು ಕಮ್ಮಿ. ಇದು ಜೀವಕೋಶದ ಹೊರಪೊರೆಗೆ ಅಂಟಿ ಒಳಗಿನ ಜೀನ್‌ಗಳನ್ನು ಎಬ್ಬಿಸುತ್ತದೆ. ಬಿಸಿಲು, ಚಳಿಯ ಪೆಟ್ಟು ತಾಳುವ ಕಿಣ್ವಗಳು ಹೆಚ್ಚುತ್ತವೆ. ಭತ್ತ, ಟೊಮೆಟೊಗಳ ಪ್ರಯೋಗದಲ್ಲಿ ಕಂಡದ್ದೇ. ಆದರೆ ಎಲೆಯ ರಂಧ್ರ ಮುಚ್ಚಿಸಿ ನೀರು ಉಳಿಸುವ ಹಾರ್ಮೋನು ಬೇರೆಯೇ ಇದೆ, ಅಬ್ಸಿಸಿಕ್ ಆಮ್ಲ. ಬ್ರಾಸಿನೊಲೈಡ್ ಮೂಲತಃ ಬೆಳವಣಿಗೆಗೆ ದೂಡುವಂಥದ್ದು. ಒಣಗಿ ನಿಂತ ಮರವನ್ನು ದೂಡಿ ಏನು ಬಂತು?

ಅಂಗಡಿಗೆ ಹೋಗುವ ಮೊದಲು ಉದುರಿದ ಹರಳು ಹತ್ತಿಪ್ಪತ್ತು ಹೆಕ್ಕಿ, ತೊಟ್ಟು ಬಿಡಿಸಿ ನೋಡಿ. ಸೂಜಿ ಚುಚ್ಚಿದಂಥ ಕಪ್ಪು ಚುಕ್ಕಿಯಿದ್ದು, ಸೀಳಿದಾಗ ಒಳಗೆ ಕಂದಾಗಿದ್ದರೆ ರಸ ಹೀರುವ ತಿಗಣೆಯ ಕೆಲಸ. ಸಿಂಗಾರದ (ಹೂಗೊಂಚಲಿನ) ಎಳೆಗಳು ತುದಿಯಿಂದ ಹಳದಿಯಾಗಿ ಒಣಗುತ್ತಾ ಬಂದಿದ್ದರೆ ಶಿಲೀಂಧ್ರ. ಎರಡಕ್ಕೂ ಹಾರ್ಮೋನು ಮದ್ದಲ್ಲ. ಎರಡೂ ಅಲ್ಲದಿದ್ದರೆ ಇರುವ ನೀರನ್ನೇ ಹನಿಯಲ್ಲಿ, ಸರದಿ ತಪ್ಪದಂತೆ ಕೊಡಿ. ಬುಡಕ್ಕೆ ದರಕು (ಒಣಗಿದ ಎಲೆ) ದಪ್ಪಗೆ ಹರಡಿ. ತೋಟ ಗುಡಿಸಿ ನುಣ್ಣಗೆ ಇಡುವ ಶೋಕಿ ಬೇಸಿಗೆಯಲ್ಲಿ ಬೇಡ.

ಇಷ್ಟಾದ ಮೇಲೂ ಹೊಡೆಯಲೇಬೇಕು ಎನ್ನುವವರು ಎರಡು ಸಾಲಿಗೆ ಹೊಡೆದು, ಎರಡು ಸಾಲು ಬಿಟ್ಟು, ಉದುರಿದ್ದು ಎಣಿಸಿ. ಶೇಕಡಾ 0.04ರ ಬಾಟಲಿಯಲ್ಲಿ 1 ಮಿ.ಲೀ.ಗೆ ಅಸಲು ಮಾಲು ಸುಮಾರು 0.4 ಮಿಲಿಗ್ರಾಂ. ಜಾಸ್ತಿ ಹಾಕಿದರೆ ಜಾಸ್ತಿ ಕಾಯಿ ಎಂಬ ಲೆಕ್ಕ ಇಲ್ಲಿ ನಡೆಯದು. ಅಳತೆ ಮೀರಿದರೆ ಬೇರಿನ ಬೆಳವಣಿಗೆ ಕುಗ್ಗುತ್ತದೆ. ಲೇಬಲ್ಲಿನಲ್ಲಿ ಏನಿದೆ, ಎಷ್ಟಿದೆ ಎಂದು ಬರೆಯದೆ 'ಪವರ್ ಟಾನಿಕ್' ಎಂದಷ್ಟೇ ಇದ್ದರೆ ವಾಪಸ್ ಕೊಟ್ಟು ಬನ್ನಿ.

ಪ್ರಶ್ನೆ: ಜಿಮ್‌ನವರ ಸ್ಟೆರಾಯ್ಡ್ ಮಾತ್ರೆ ಕರಗಿಸಿ ಬುಡಕ್ಕೆ ಹಾಕಬಹುದೇ? ವಾಟ್ಸಾಪಿನಲ್ಲಿ ಬಂದಿತ್ತು. (ಹೊಸನಗರ)

ವಾಟ್ಸಾಪ್ ಬಿಟ್ಟು ತೋಟಕ್ಕೆ ಹೋಗಿ.

ಪ್ರಶ್ನೆ: ಬೋರ್ಡೋ (ಮೈಲುತುತ್ತು-ಸುಣ್ಣದ ದ್ರಾವಣ) ಜೊತೆ ಬ್ರಾಸಿನೊಲೈಡ್ ಬೆರೆಸಿದರೆ ಒಂದು ಸಲ ಮರ ಹತ್ತುವ ಕೂಲಿ ಉಳಿಯುತ್ತದಲ್ಲ? (ಸಾಗರ)

ಸುಣ್ಣದ ದ್ರಾವಣಕ್ಕೆ ಕಂಡದ್ದೆಲ್ಲ ಸುರಿಯಬೇಡಿ.

ಪ್ರಶ್ನೆ: ಹಾರ್ಮೋನು ಹೊಡೆದರೆ ಕೊಳೆ (ಮಳೆಗಾಲದ ಕಾಯಿ ಕೊಳೆರೋಗ) ಬರುವುದಿಲ್ಲವಂತೆ? (ಕೊಪ್ಪ)

ಬರುತ್ತದೆ. ಮಳೆ ಹಿಡಿಯುವ ಮೊದಲು ಶೇಕಡಾ 1ರ ಬೋರ್ಡೋ, 40–45 ದಿನಕ್ಕೆ ಇನ್ನೊಮ್ಮೆ. ಮರ ಹತ್ತುವ ಕೊನೆಗಾರರಿಗೆ ಈಗಲೇ ಹೇಳಿಡಿ, ಜೂನ್‌ನಲ್ಲಿ ಯಾರೂ ಕೈಗೆ ಸಿಗುವುದಿಲ್ಲ.